ಊರು ಬಿಡದ ಮೇಡಂ

ದಾಂಡೇಲಿಯ ನಮ್ಮ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುತ್ತಿದ್ದ ಮೇಡಂ, ಬಡ್ತಿಯ ಮಾತು ಬಂದಾಗಲೆಲ್ಲ ಸೆರಗಿನಿಂದ ಕನ್ನಡಕ ಒರೆಸುತ್ತ, "ಊರು ಬಿಡೂದಿದ್ರ ಬ್ಯಾಡ್ರಿ" ಎನ್ನುತ್ತಿದ್ದರು. ಹತ್ತು ವರ್ಷದಲ್ಲಿ ಐದು ಊರು ಬದಲಿಸಿ ಮ್ಯಾನೇಜರಾಗಿ ಬಂದಿದ್ದ ನನಗೆ ಒಳಗೊಳಗೇ ನಗು.

ಒಮ್ಮೆ ಜೋಯಿಡಾ ಕಡೆ, ಎಮ್ಮೆ ಕೊಳ್ಳಲು ಸಾಲ ಕೇಳಿದವರ ಕೊಟ್ಟಿಗೆ ನೋಡಲು ಕಾಳಿ ನದಿಯನ್ನು ಕಲ್ಲಿಂದ ಕಲ್ಲಿಗೆ ದಾಟುತ್ತಿದ್ದೆವು. ನಡುವೆ ಮೇಡಂ ನನ್ನ ತೋಳು ಹಿಡಿದರು.

"ಒಣಗಿದ್ದ ಕಲ್ಲು ತೊಯ್ದಾವ. ಮ್ಯಾಲಿನ ಡ್ಯಾಮಿನ ನೀರು ಬಿಟ್ಟಾರ. ಓಡ್ರಿ ಸರ!"

"ಫೈಲು ಬಿತ್ತು" ಎಂದೆ.

"ಅದು ತೇಲತೈತಿ. ನಿಮಗ ಈಜಾಕ ಬರತೈತೇನು?"

ದಡ ಹತ್ತಿ ತಿರುಗಿದರೆ ನಾವು ನಿಂತಿದ್ದ ಕಲ್ಲುಗಳೇ ಕಾಣಲಿಲ್ಲ. ಮೊರೆಯುವ ನೀರಷ್ಟೇ ಇತ್ತು.

ಸೀರೆ ಹಿಂಡುತ್ತ ಅವರು ಗೆದ್ದವರಂತೆ ನಕ್ಕರು: "ಇಪ್ಪತ್ತು ವರ್ಷ ಈ ಹೊಳಿ ನೋಡೇನ್ರಿ. ಪ್ರಮೋಷನ್ ತಗೊಂಡು ಹೋಗಿದ್ರ ಇವತ್ತ ನಿಮ್ಮ ತೋಳು ಯಾರು ಹಿಡೀತಿದ್ರು?"