‘ನೋಡೋಣ’ ಅಂದರೆ ಬೇಡ

ಕನ್ನಡದ ‘ನೋಡೋಣ’ ಎಂಬ ಮಾತಿಗೂ ಕಣ್ಣಿಗೂ ಯಾವ ಸಂಬಂಧವೂ ಇಲ್ಲವೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಗೃಹಪ್ರವೇಶಕ್ಕೆ ಬರುತ್ತೀರಾ ಎಂದರೆ ನೋಡೋಣ. ಸಂಘದ ಖಜಾಂಚಿಯಾಗುತ್ತೀರಾ ಎಂದರೆ ನೋಡೋಣ. ಇನ್ನೊಂದು ಹೋಳಿಗೆ ಬಡಿಸಲೇ ಎಂದರೆ ಮಾತ್ರ ಏನೂ ಹೇಳದೆ ಎಲೆಯನ್ನೇ ನೋಡುತ್ತೇವೆ. ಹೇಳಿದವರಿಗೂ ಕೇಳಿದವರಿಗೂ ಈ ‘ನೋಡೋಣ’ ‘ಬೇಡ’ದ ಸಭ್ಯ ರೂಪವೆಂದು ಗೊತ್ತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ತುಮಕೂರಿನಲ್ಲಿ ಹುಟ್ಟಿ ಬೆಳೆದ ನಾನು ಈ ಕಲೆಯಲ್ಲಿ ಸಿದ್ಧಹಸ್ತ. ಸೂರತ್ತಿಗೆ ಬಂದು ಈ ಕಲೆಯನ್ನು ಗುಜರಾತಿಗೆ ಅನುವಾದಿಸಲು ಹೊರಟೆ ನೋಡಿ, ಅನರ್ಥ ಅಲ್ಲಿಂದಲೇ ಪ್ರಾರಂಭವಾಯಿತು.

ನಾವಿರುವುದು ಸೂರತ್ತಿನ ಅಡಾಜಣ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ. ನಾನು ಸೀರೆಗಳಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಪರೀಕ್ಷಿಸುವವನು. ಹೆಂಡತಿ ಸುಮಾ ಪ್ರತಿ ಶನಿವಾರ ಸಂಜೆ ಆಸುಪಾಸಿನ ಕನ್ನಡದ ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುವವಳು. ಊರಿನ ಅಜ್ಜಿಯೊಡನೆ ಫೋನಿನಲ್ಲಿ ‘ಹಾಂ’, ‘ನಹೀಂ’ಗಳಲ್ಲೇ ಸಂಸಾರ ಮಾಡುತ್ತಿದ್ದ ಈ ಮಕ್ಕಳು ಈಗೀಗ “ಅಜ್ಜಿ, ಊಟ ಆಯ್ತಾ?” ಎಂದು ಇಡೀ ವಾಕ್ಯವನ್ನೇ ಕೇಳುತ್ತಿದ್ದರು. ನಮ್ಮ ಹಾಲ್‌ನಲ್ಲಿ ಒಂದು ಜಮಖಾನ ಹಾಸುವಷ್ಟು ಜಾಗವಿದೆ, ಅಷ್ಟೇ. ಸುಮಾಳ ಶಾಲೆ, ಆಟದ ಮೈದಾನ, ರಂಗಮಂದಿರ ಎಲ್ಲವೂ ಆ ಜಮಖಾನವೇ.

ಅಂಥ ಮನೆಯ ಬಾಗಿಲ ಗಂಟೆಯನ್ನು ಒಂದು ದಿನ ಹಂಸಾಬೇನ್ ಒತ್ತಿದರು. ತಲೆಯ ಮೇಲೆ ತಂಪು ಕನ್ನಡಕ, ಕೈಯಲ್ಲಿ ಸ್ಕೂಟರಿನ ಕೀಲಿ, ತುಟಿಯಲ್ಲಿ ನಿಲ್ಲದ ಮಾತು. ಮನೆಯಲ್ಲೇ ಹಿಟ್ಟು ಬೀಸುವ ಯಂತ್ರ ಅವರ ಸರಕು. ಗುಜರಾತಿಗಳು ಅದನ್ನು ಘರ್‌ಘಂಟಿ ಎನ್ನುತ್ತಾರೆ. ಗಂಟೆ ಒತ್ತಿದವರು ಘಂಟಿ ಇಟ್ಟು ಹೋಗುತ್ತಾರೆಂಬ ಶ್ಲೇಷೆ ನನಗೆ ಆಗ ಹೊಳೆಯಲಿಲ್ಲ. ಸುಮಾ ತರಕಾರಿಗೆ ಹೋಗಿದ್ದಳು. ಹಂಸಾಬೇನ್ ಬಣ್ಣದ ಚಿತ್ರಗಳನ್ನು ತೋರಿಸುತ್ತ ಗೋಧಿಯಿಂದ ಮೆಣಸಿನವರೆಗೆ ಯಂತ್ರದ ಗುಣಗಾನ ಮಾಡಿ, ಕೊನೆಗೆ “ಜೋಈಏ ಛೇ?” ಎಂದರು. ‘ಜೋವುಂ’ ಎಂದರೆ ನೋಡುವುದು ಎಂದು ಕಾರ್ಖಾನೆಯಲ್ಲಿ ಕಲಿತಿದ್ದ ನಾನು, ನೋಡುತ್ತೀರಾ ಎಂದು ಕೇಳುತ್ತಿದ್ದಾರೆಂದು ತಿಳಿದು, ನಮ್ಮ ‘ನೋಡೋಣ’ವನ್ನು ಅಷ್ಟೇ ವಿನಯದಿಂದ ಅನುವಾದಿಸಿದೆ: “ಜೋಈಏ, ಜೋಈಏ.” ಒಂದಲ್ಲ, ಎರಡು ಸಲ. ಅವರ ಮುಖ ಅರಳಿತು. ಬೇಡವೆಂದರೂ ಇಷ್ಟು ಸಂತೋಷಪಡುವ ಮಾರಾಟಗಾರರಿದ್ದಾರಲ್ಲ ಎಂದು ಗುಜರಾತಿನ ಸಂಸ್ಕೃತಿಯ ಬಗ್ಗೆ ನನಗೆ ಗೌರವ ಹೆಚ್ಚಿತು.

ಮರುದಿನ ಇಬ್ಬರು ಆಳುಗಳು ಯಂತ್ರವನ್ನು ಹೊತ್ತುಕೊಂಡು ಮೆಟ್ಟಿಲೇರಿ ಬಂದರು. ಲಿಫ್ಟ್ ಕೆಟ್ಟಿತ್ತು. ಬೆವರು ಸುರಿಸುತ್ತ ನಿಂತವರಿಗೆ ವಾಪಸ್ ಹೊತ್ತುಕೊಂಡು ಹೋಗಿ ಎನ್ನಲು ಯಾವ ಬಾಯಿ ಬರುತ್ತದೆ, ನೀವೇ ಹೇಳಿ! ನಾನು ನೀರು ಕೊಟ್ಟೆ, ತೋರಿಸಿದಲ್ಲಿ ರುಜು ಹಾಕಿದೆ, ಸಂಕೋಚದ ಭರದಲ್ಲಿ ಮುಂಗಡವನ್ನೂ ಕೊಟ್ಟುಬಿಟ್ಟೆ. ಜಮಖಾನದ ಜಾಗದಲ್ಲಿ ಯಂತ್ರ ವಿರಾಜಮಾನವಾಯಿತು.

ಸುಮಾ ಒಳಗೆ ಬಂದವಳು ಚೀಲ ಕೆಳಗಿಡುವುದನ್ನೂ ಮರೆತಳು. ಹಂಸಾಬೇನ್ ಬಂದುಹೋದದ್ದನ್ನು ಹೇಳಿದೆ. “ರೀ, ನೀವು ಅವರಿಗೆ ಏನಂದ್ರಿ?”

“ನೋಡೋಣ ಅಂದೆ ಕಣೆ.”

“ಗುಜರಾತಿಯಲ್ಲಿ ಏನಂದ್ರಿ ಹೇಳಿ.”

ಹೇಳಿದೆ. ಅವಳು ಯಂತ್ರದ ಮೇಲೆಯೇ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಅಯ್ಯೋ ದೇವ್ರೇ! ಜೋಈಏ ಅಂದ್ರೆ ‘ಬೇಕು’ ಅಂತ ಕಣ್ರೀ! ತರಕಾರಿಯವ್ನು ದಿನಾ ಕೇಳ್ತಾನಲ್ಲ, ಕೊತ್ತಂಬ್ರಿ ಜೋಈಏ ಅಂತ.” ಗುಜರಾತಿನವರು ನೋಡುವುದಕ್ಕೂ ಬೇಕೆನ್ನುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆಂಬುದು ನನಗೆ ತಿಳಿದದ್ದು ಹೀಗೆ. ವ್ಯಾಪಾರಿಗಳ ನಾಡಲ್ಲವೇ, ನೋಡಿದ್ದೆಲ್ಲ ಬೇಕೆನಿಸುವುದು ಸಹಜವೇ ಇರಬೇಕು. ನಾನು ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟೆನೆಂದುಕೊಂಡು ನೇರ ಅವರ ಅಂಗಳದಲ್ಲೇ ಇಟ್ಟಿದ್ದೆ.

ನಗು ಮುಗಿದ ಮೇಲೆ ಸುಮಾಳಿಗೆ ಕೋಪ ಬಂತು. “ಶನಿವಾರ ಮಕ್ಕಳನ್ನ ಎಲ್ಲಿ ಕೂರಿಸ್ಲಿ, ಇದರ ತಲೆ ಮೇಲಾ? ಒಂದ್ ವಾರ ಪಾಠ ತಪ್ಪಿದ್ರೆ ಅವು ಮತ್ತೆ ಹಾಂ, ನಹೀಂ ಶುರು ಮಾಡ್ತವೆ.” ಅವಳೇ ರಸೀದಿಯನ್ನು ತಿರುಗಿಸಿ ಓದಿದಳು. ಬಳಸದ ಯಂತ್ರವನ್ನು ಒಂದು ವಾರದೊಳಗೆ, ಯಾವ ಕಾರಣವನ್ನೂ ಕೊಡದೆ ಹಿಂತಿರುಗಿಸಬಹುದು, ಮುಂಗಡ ಪೂರ್ತಿ ವಾಪಸ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಂಬಿ ಅರ್ಧ ಆಯುಷ್ಯ ಕಳೆದ ನನಗೆ, ಆಡಿದ ಮಾತನ್ನು ಒಂದು ವಾರದೊಳಗೆ ಹಿಂದಕ್ಕೆ ಪಡೆಯಬಹುದೆಂಬ ಈ ಸಾಲು ಶಾಪವಿಮೋಚನೆಯಂತೆ ಕೇಳಿಸಿತು. ನನ್ನನ್ನು ಹೆದರಿಸಿದ್ದು ‘ಕಾರಣ ಕೊಡದೆ’ ಎಂಬ ಭಾಗ. ಕಾರಣವಿಲ್ಲದೆ ಬೇಡವೆನ್ನುವುದು ಹೇಗೆ? ಅದು ಮನುಷ್ಯರು ಆಡುವ ಮಾತೇ?

“ನೀನೇ ಫೋನ್ ಮಾಡಿ ಹೇಳಿಬಿಡು” ಎಂದೆ. “ಬೇಕು ಅಂದೋರೇ ಬೇಡ ಅನ್ಬೇಕು” ಎಂದಳು. ಬೇರೆ ದಾರಿಯಿಲ್ಲದೆ ಫೋನಿನಲ್ಲಿ ಹಂಸಾಬೇನ್‌ರನ್ನು ಬರಹೇಳಿದೆ, ಬಂದಾಗ ಹೇಳುತ್ತೇನೆ ಎಂದಷ್ಟೇ ತಿಳಿಸಿ. ಕ್ಷೌರ ಮಾಡಿಕೊಳ್ಳುವಾಗಲೆಲ್ಲ ಕನ್ನಡಿಯೆದುರು “ನಥೀ ಜೋಈತುಂ”, ಅಂದರೆ ‘ಬೇಡ’, ಎಂಬ ಮಂತ್ರಜಪ ನಡೆಯಿತು. ಕನ್ನಡಿಯೊಳಗಿನವನಿಗೂ ಮುಖ ಸಪ್ಪಗಾಗುತ್ತಿತ್ತು.

ಶನಿವಾರ ಅವರು ಬಂದಾಗ ಮಕ್ಕಳು ಯಂತ್ರದ ಸುತ್ತ ಮುದುರಿ ಕುಳಿತಿದ್ದರು. ಎದುರುಮನೆಯ ಮಂಜುಳಾಬೇನ್ ಎಂದಿನಂತೆ ತಮ್ಮ ಬಾಗಿಲಲ್ಲಿ ನಿಂತು ನಮ್ಮ ಮನೆಯನ್ನು ವೀಕ್ಷಿಸುತ್ತಿದ್ದರು. ನಾನು ಹಾಲ್ ಚಿಕ್ಕದೆಂಬಲ್ಲಿಂದ ಆರಂಭಿಸಿ, ಕರೆಂಟಿನ ಬಿಲ್ಲು, ನಮ್ಮಿಬ್ಬರ ಮಿತಾಹಾರ, ಕೆಳಮನೆಯವರ ತಲೆನೋವು ಎಂದು ಒಂದೊಂದೇ ಕಾರಣವನ್ನು ಮುರುಕು ಹಿಂದಿಯಲ್ಲಿ ಪೋಣಿಸತೊಡಗಿದೆ. ಹಂಸಾಬೇನ್ ಕೈಯೆತ್ತಿ ತಡೆದರು. “ಭಾಈ, ಹಾ ಕೇ ನಾ?” ಬೇಕೋ ಬೇಡವೋ, ಅಷ್ಟು ಹೇಳಿ ಎಂದು.

ಮಕ್ಕಳು ನೋಡಿದರು. ಸುಮಾ ನೋಡಿದಳು. “ನಾ” ಎಂದೆ. “ನಥೀ ಜೋಈತುಂ.”

ಆಕಾಶ ಬೀಳಲಿಲ್ಲ. ಅವರ ಮುಖವೂ ಬಾಡಲಿಲ್ಲ. “ಬಸ್, ಇತ್ನೀ ಸೀ ಬಾತ್? ಪಹಲೇ ನಾ ಬೋಲ್ತೇ ತೋ ಮೈಂ ಉಸೀ ದಿನ್ ಸಾಮ್ನೇವಾಲೇ ಘರ್ ಜಾತೀ ನಾ!” ಎಂದು ನಕ್ಕುಬಿಟ್ಟರು. ಅಂದೇ ಬೇಡವೆಂದಿದ್ದರೆ ಅಂದೇ ಎದುರುಮನೆಗೆ ಹೋಗುತ್ತಿದ್ದರಂತೆ! ಅವರ ಮನಸ್ಸು ನೋಯಬಾರದೆಂದು ನಾನು ಮಾಡಿದ ಉಪಚಾರದಿಂದ ಅವರಿಗಾದದ್ದು ಒಂದು ಸುಳ್ಳು ವ್ಯಾಪಾರ, ಎರಡು ಓಡಾಟ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹಗುರವೂ ಆಯಿತು. ಮುಂಗಡ ಅಲ್ಲೇ ನನ್ನ ಮೊಬೈಲಿಗೆ ಬಂತು.

ಅಷ್ಟರಲ್ಲಿ ಮಂಜುಳಾಬೇನ್ ಚಪ್ಪಲಿಯನ್ನೂ ಮೆಟ್ಟದೆ ಒಳಬಂದು ಯಂತ್ರದ ಮುಚ್ಚಳ ತೆಗೆದು, ಒಳಗೆ ಕೈಯಾಡಿಸಿ, ಬೆಲೆಯ ಬಗ್ಗೆ ಹಂಸಾಬೇನ್‌ರೊಡನೆ ಸುಶ್ರಾವ್ಯವಾಗಿ ಜಗಳವಾಡಿ ಗೆದ್ದರು. ಯಂತ್ರ ಮೆಟ್ಟಿಲಿಳಿಯುವ ಪ್ರಸಂಗವೇ ಬರಲಿಲ್ಲ. ಮಕ್ಕಳೆಲ್ಲ ಸೇರಿ “ಐಸಾ” ಎನ್ನುತ್ತ ಅದನ್ನು ಎದುರುಮನೆಗೆ ತಳ್ಳಿದರು, ಜಮಖಾನ ಹಾಸಿದ್ದಾಯಿತು, ಸುಮಾಳ ಪಾಠ ಶುರುವಾಯಿತು.

ಪಾಠ ಮುಗಿಯುವ ಹೊತ್ತಿಗೆ ಮಂಜುಳಾಬೇನ್ ಹೊಸ ಹಿಟ್ಟಿನ ಬಿಸಿ ಥೇಪ್ಲಾ ರೊಟ್ಟಿಗಳ ತಟ್ಟೆ ಹಿಡಿದು ಬಂದರು. ನಮ್ಮ ಅಡುಗೆಮನೆಯಲ್ಲಿ, ಊರಿನಿಂದ ತಂದ ರಾಗಿ ಡಬ್ಬಿಯಲ್ಲೇ ಕುಳಿತಿತ್ತು. ಗೋಧಿ ಹಿಟ್ಟೆಲ್ಲ ಕಪ್ಪಾಗುತ್ತದೆಂದು ಇಲ್ಲಿನ ಗಿರಣಿಯವರು ಅದನ್ನು ಮುಟ್ಟುವುದಿಲ್ಲ. ಮಂಜುಳಾಬೇನ್ ಕಣ್ಣು ಆ ಡಬ್ಬಿಯ ಮೇಲೆ ಬಿತ್ತು. ಬೀಸಿ ಕೊಡಲೇ ಎಂದು ಕೈಸನ್ನೆಯಲ್ಲಿ ಕೇಳಿದರು. ಅಯ್ಯೋ ಪರವಾಗಿಲ್ಲ, ನಿಮಗ್ಯಾಕೆ ತೊಂದರೆ ಎಂಬ ನಮ್ಮ ಕಡೆಯ ಸೌಜನ್ಯ ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಎರಡೂ ಕೈಗಳಿಂದ ಡಬ್ಬಿಯನ್ನು ಎತ್ತಿ ಅವರ ಮುಂದೆ ಹಿಡಿದು, ಅಚ್ಚಕನ್ನಡದಲ್ಲಿ “ಬೇಕು” ಎಂದೆ.