ಒಂದು ಗೇಣು ಕೇಳುವ ಯಂತ್ರ

ಹೋದ ವಾರ ಅಂಗಳದಲ್ಲಿ ಐದು ರೂಪಾಯಿ ನಾಣ್ಯವೊಂದನ್ನು ನಾನೇ ಹೂತು ನಾನೇ ಹುಡುಕಿದೆ. (ನಗಬೇಡಿ, ಐವತ್ತು ದಾಟಿದವನು ನಾನು.) ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಮೆಟಲ್ ಡಿಟೆಕ್ಟರ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಆರು ಅಡಿ ಆಳ' ಎಂದಿತ್ತು. ನಾಣ್ಯವನ್ನು ಒಂದು ಗೇಣು ಆಳಕ್ಕೆ ಹೂತಾಗ ಕುಂಯ್ ಎಂದಿತು. ಒಂದು ಮೊಳಕ್ಕೆ ಇಳಿಸಿದೆ. ಉಸಿರಿಲ್ಲ.

ಆರಡಿ ಅಂದರೆ ಹಂಡೆಯಂಥ ದೊಡ್ಡ ವಸ್ತುವಿಗಂತೆ. ಒಂಟಿ ನಾಣ್ಯಕ್ಕೆ ಗೇಣೇ ಗತಿ. ಇದನ್ನು ಡಬ್ಬದ ಮೇಲೆ ಯಾರು ಬರೆಯುತ್ತಾರೆ?

ನಾನು ಹುಡುಕಬೇಕಾಗಿದ್ದದ್ದು ನಿಧಿಯನ್ನಲ್ಲ. ನನ್ನ ಅಕ್ಕನನ್ನು.

ನಾನು ಹುಟ್ಟುವ ಮೊದಲೇ, ಹನ್ನೊಂದನೇ ತಿಂಗಳಿಗೆ ತೀರಿಕೊಂಡ ಕೂಸು. ಮಾದಿಹಳ್ಳಿ ಬಳಿಯ ನಮ್ಮ ತೆಂಗಿನ ತೋಟದಲ್ಲೇ ಮಣ್ಣು ಮಾಡಿದ್ದರು. (ಎಳೆ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ.) ಉಡಿದಾರದಲ್ಲಿದ್ದ ಬೆಳ್ಳಿ ನಾಣ್ಯವನ್ನು ಬಿಚ್ಚಲು ಅಮ್ಮ ಬಿಟ್ಟಿರಲಿಲ್ಲ. ಗುರುತಿಗೆ ಮೇಲೊಂದು ಗುಂಡುಕಲ್ಲು. ಪ್ರತಿ ಯುಗಾದಿಗೆ ಅದಕ್ಕೆ ಅರಿಶಿನ ಹಚ್ಚಿ ಹಾಲು ಬಿಡುತ್ತಿದ್ದಳು.

ಮೂರು ವರ್ಷದ ಹಿಂದೆ ಊರ ಕೆರೆಯ ಹೂಳೆತ್ತಿದರು. ಕೆರೆಯ ಗೋಡುಮಣ್ಣು ಬಿಟ್ಟಿ ಸಿಗುವಾಗ ಯಾರು ಬಿಡುತ್ತಾರೆ? ಟ್ರಾಕ್ಟರ್‌ಗಟ್ಟಲೆ ತೋಟಕ್ಕೆ ಹೊಡೆಸಿದೆ. ಅಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅರಸೀಕೆರೆಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಮಣ್ಣು ಸಮ ಮಾಡುವಾಗ ಆ ಕಲ್ಲು ಅಡ್ಡ ಬಂತು. ಕೀಳಿಸಿ ಬದುವಿಗೆ ಹಾಕಿಸಿದೆ. ಹೌದು, ನಾನೇ. ಜಾಗದ ಗುರುತು ಇಟ್ಟುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ಗೋಡು ಬಿದ್ದು ತೋಟವೆಲ್ಲ ಒಂದೇ ಸಮ ಆದ ಮೇಲೆ ಅಮ್ಮನಿಗೂ ಅಂದಾಜು ಸಿಗಲಿಲ್ಲ.

ಅಂದಿನಿಂದ ಅಮ್ಮನದು ಒಂದೇ ಮಾತು. "ಜಾಗ ತೋರ್ಸು ಸಾಕು ಕಣೋ. ಇನ್ನೇನೂ ಬ್ಯಾಡ ನಂಗೆ."

ನೀವೇ ನೋಡಿ. ಅಂದು ತೋಡಿದ್ದು ಸೊಂಟದಾಳ, ಅದರ ಮೇಲೆ ಎರಡಡಿ ಗೋಡು. ಯಂತ್ರಕ್ಕೆ ಕೇಳುವುದು ಒಂದು ಗೇಣು. ಗೊತ್ತಿದ್ದೂ ಅಮ್ಮನನ್ನು ಕರೆದುಕೊಂಡು ತೋಟಕ್ಕೆ ಹೋದೆ. ಬೇರೇನು ಮಾಡಲಿ?

ಅಮ್ಮ ತೆಂಗಿನ ಮರವೊಂದರ ಬುಡದಲ್ಲಿ ಕೂತಿದ್ದಳು. ಯಂತ್ರ ಕೂಗಿದಾಗಲೆಲ್ಲ ಮಂಡಿ ಹಿಡಿದುಕೊಂಡು ಎದ್ದು ಬರುತ್ತಿದ್ದಳು. ಬಾಟಲಿ ಮುಚ್ಚಳ. ಪಂಪ್‌ಸೆಟ್ಟಿನ ನಟ್ಟು. ತುಕ್ಕು ಹಿಡಿದ ಮೊಳೆ. ಗೋಡಿನ ಜೊತೆ ಬಂದ ಎತ್ತಿನ ಲಾಳ. ಪ್ರತಿ ಸಲ ಬಂದಳು, ಪ್ರತಿ ಸಲ ಹೋಗಿ ಅಲ್ಲೇ ಕೂತಳು. ಕೊನೆಗೆ ಯಂತ್ರ ಆಫ್ ಮಾಡಿದೆ.

ಅಷ್ಟರಲ್ಲಿ ಬೇಲಿಯಾಚೆ ಎರಡು ಬೈಕ್ ನಿಂತಿದ್ದವು, ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. "ಏನ್ಸಾರ್, ನಿಧಿ ಗಿಧಿ ಐತಾ?"

ಹಳೇಬೀಡು ಪಕ್ಕದಲ್ಲೇ ಇರುವಾಗ ನೆಲ ಬಗ್ಗಿ ನೋಡಿದವನೆಲ್ಲ ನಿಧಿ ಹುಡುಕುವವನೇ. "ಏನೂ ಇಲ್ಲ ಕಣ್ರಪ್ಪ" ಅಂದೆ. ನಮ್ಮ ಕಡೆ ಇಲ್ಲ ಎಂದರೆ ಇದೆ ಎಂದಲ್ಲವೇ?

ಮಾರನೇ ದಿನ ಬೆಳಗ್ಗೆ ತೋಟದಲ್ಲಿ ಐದು ಗುಂಡಿ. ಯಂತ್ರ ಕೂಗಿದ ಕಡೆ ನಾಲ್ಕು, ಎದೆಮಟ್ಟ ಅಗೆದು ಹಾಗೇ ಬಿಟ್ಟು ಹೋಗಿದ್ದರು. ಐದನೆಯದು ಅಮ್ಮ ದಿನವಿಡೀ ಕೂತಿದ್ದ ತೆಂಗಿನ ಬುಡದಲ್ಲಿ. (ಮುದುಕಿ ಕಾವಲು ಕೂತಿದ್ದಾಳೆ ಅಂದುಕೊಂಡರೇನೋ.) ಅದನ್ನು ಮಾತ್ರ ಮುಚ್ಚಿ, ಮಣ್ಣು ತುಳಿದು, ಮೇಲೊಂದು ಕಲ್ಲಿಟ್ಟು, ನಿಧಿ ಪೂಜೆಗೆಂದು ತಂದಿದ್ದ ಊದುಬತ್ತಿ ಹಚ್ಚಿ ಹೋಗಿದ್ದರು.

ಅಂಥವರು ಹೆದರಿ ಗುಂಡಿ ಮುಚ್ಚುವುದು ಏನು ಕಂಡಾಗ?

ಅಮ್ಮನನ್ನು ಅಲ್ಲಿಗೆ ಕರೆತಂದೆ. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಬೆಳ್ಳಿ ಉಳಿದಿದೆಯೋ ಹೋಯಿತೋ ಎಂದು ಕೇಳಲಿಲ್ಲ. ಆ ಹಸಿ ಮಣ್ಣಿನ ಮೇಲೆ ಅಂಗೈ ಊರಿ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕಳ್ಳರಿಗೆ ಸಿಕ್ಕವ್ಳೆ ಕಣೋ, ನಿಂಗ್ಯಾಕೆ ಸಿಗ್ಲಿಲ್ಲ?"