ಟೈರಿಗೆ ಕಾಲು ತಾಗಿದಾಗ

ನಂಬಲ್ಲ ಅಂತೀರಾ? ಮೆಲ್ಬರ್ನ್ ಅಂಚಿನ ನಮ್ಮ ಪಾಯಿಂಟ್ ಕುಕ್‌ನಿಂದ ಸಿಡ್ನಿವರೆಗೆ ಹುಡುಕಿ, ನನ್ನಷ್ಟು ಬೇಗ ಕಾರಿನ ಚಕ್ರ ಬದಲಿಸುವವನು ಸಿಗಲ್ಲ. ಊರಲ್ಲಿ ಕೆಸರಲ್ಲಿ ಹೂತ ಟ್ರ್ಯಾಕ್ಟರಿನ ಚಕ್ರ ಬಿಚ್ಚಿ ಬೆಳೆದವನು ನಾನು.

ಚಕ್ರ ಹೊರಗೇ ಕಾಣುವ ಆ ಅಮೆರಿಕದ ರೇಸ್ ಕಾರುಗಳ ಮುಂದಿನ ಸೀಸನ್‌ಗೆ ಒಂದು ತಂಡ ಮೆಲ್ಬರ್ನ್‌ನಲ್ಲಿ ರೇಸಿನ ನಡುವೆ ಚಕ್ರ ಬದಲಿಸುವ ಹುಡುಗರನ್ನು ಆರಿಸುತ್ತಿತ್ತು. ಹೋದೆ. ಎಲ್ಲರಿಗಿಂತ ಮೊದಲು ಚಕ್ರ ಬಿಚ್ಚಿದೆ. ಹೊಸದನ್ನು ಎತ್ತುವಾಗ ಅದಕ್ಕೆ ಕಾಲು ತಾಗಿತು. ಕೈ ತಾನಾಗೇ ಹೋಯಿತು, ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಪಕ್ಕದವನು ಗೆದ್ದುಬಿಟ್ಟ.

"ಅದೇನು ಮಾಡಿದೆ, ಮೇಟ್?" ಎಂದ, ನಮ್ಮನ್ನು ಆರಿಸುತ್ತಿದ್ದ ತಂಡದ ಮುದಿ ಮೆಕ್ಯಾನಿಕ್.

"ಕಾಲು ತಾಗಿತು. ಕ್ಷಮೆ ಕೇಳಬೇಡವಾ?"

"ರೇಸಲ್ಲೂ ಕೇಳ್ತೀಯಾ?"

"ತಾಗಿದ್ರೆ ಕೇಳಲೇಬೇಕಲ್ಲ."

ಮುದುಕ ನಕ್ಕು ನನ್ನ ಬೆನ್ನು ತಟ್ಟಿದ. ಅಮೆರಿಕಕ್ಕೆ ಹೋಗುವ ತಂಡಕ್ಕೆ ನನ್ನನ್ನೂ ಸೇರಿಸಿಕೊಂಡರು. ಚಕ್ರ ಬದಲಿಸುವುದಲ್ಲ, ಟೈರುಗಳನ್ನು ಒರೆಸಿ, ಗಾಳಿ ನೋಡಿ ಜೋಡಿಸಿಡುವ ಕೆಲಸ ಕೊಟ್ಟರು.